ಮಿಸ್ತ್ರಿಯ ದನಿ, ಸಾವ್ಕಾರರ ಗಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ಅದು ಮೇಲು. ಮಿಸ್ತ್ರಿಯ ಅಂಗಡಿಯ ಬೋರ್ಡು ಇಳಿದದ್ದು ನನ್ನ ಬಾಯಿಂದ. ಬಾಯಿ ನನ್ನದು, ದನಿ ಅವರದು. ಚನ್ನಗಿರಿ ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಏಳು ಜನ ನಗಲಿ ಎಂದು ನಾನು ಫೋನಿನಲ್ಲಿ ಅವರ ದನಿ ತೆಗೆದು ಒಂದು ಮಾತು ಕೊಟ್ಟೆ. ಏಳೂ ಜನ ನಕ್ಕರು. ಆ ಮಟ್ಟಿಗೆ ಕೆಲಸ ಚೆನ್ನಾಗಿಯೇ ಆಯಿತು.

ಅವರು ತೀರಿಕೊಂಡು ಈಗ ಒಂದೂವರೆ ತಿಂಗಳು. ಮಣ್ಣು ಮಾಡಿ ಬಂದ ಸಂಜೆ ಅದೇ ಟೀ ಅಂಗಡಿಯಲ್ಲಿ ಒಬ್ಬ, "ಲೇ, ಚಾಚಾನ ದನಿ ಒಂದ್ಸಲ ಮಾಡಲೇ, ಕೊನೇದು" ಎಂದ. ಮಾಡಲಿಲ್ಲ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ. ಮಾಡಿದೆ. ಗಂಟಲು ಕೆರೆದು, ಎರಡು ಸಲ ಮೂಗಿನಲ್ಲಿ ಗಾಳಿ ಬಿಟ್ಟು, "ಏನ್ರೀ, ಎಂಜಿನ್ ಕೆಟ್ಟೈತೋ, ಓಡಿಸೋನು ಕೆಟ್ಟಾನೋ" ಎಂದೆ. ಹಾಗೇ ಬಂತು, ಒಂದು ಎಳೆ ಆಚೀಚೆ ಇಲ್ಲ. ಯಾರೂ ನಗಲಿಲ್ಲ. ಕೇಳಿದವನೇ ಮೊದಲು ಎದ್ದು ಹೋದ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ಅವರ ದನಿಯನ್ನು ಸ್ವಂತ ಆಸ್ತಿಯಂತೆ ಬಳಸಿದ್ದೇನೆ. ಹೆಸರಾದರೂ ಅವರ ಹತ್ತಿರವೇ ಇರಲಿ.

ಅವರು ಗಾಡಿಗಳ ವೈರಿಂಗ್ ಮಿಸ್ತ್ರಿ. ಡೈನಮೋ, ಸೆಲ್ಫು, ಹಾರನ್ನು, ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಗಾಡಿಯ ಕಿಡಿ. ಒಣಕಲು ಮೈ, ಮಾಂಸಕ್ಕಿಂತ ಗ್ರೀಸೇ ಜಾಸ್ತಿ. ಅವರ ಅಂಗಡಿಯ ಪಕ್ಕದ ಗೂಡಿನಲ್ಲಿ ನನ್ನ ಮೊಬೈಲ್ ರಿಪೇರಿ. ನಾನು ಕುಳಿತ ಜಾಗದಿಂದ ಅವರ ಬೆನ್ನು ಮತ್ತು ಗಿರಾಕಿಗಳ ಮುಖ ಕಾಣುತ್ತಿತ್ತು. ನಕಲು ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಸೀಟು ಸಿಗುವುದಿಲ್ಲ.

ಅವರ ಕಿವಿ ಅರ್ಧ ಹೋಗಿತ್ತು. ಎಂಜಿನ್ ಸದ್ದು ಕೇಳಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಸದ್ದು ಹಲ್ಲಿನಿಂದ ತಲೆಗೆ ಹೋಗುತ್ತಿತ್ತು. ನಾನು ಇದನ್ನೇ ಟೀ ಅಂಗಡಿಯಲ್ಲಿ ಚಮಚ ಕಚ್ಚಿಕೊಂಡು, ಅದರ ಇನ್ನೊಂದು ತುದಿಯನ್ನು ನಮ್ಮಲ್ಲಿ ಅತಿ ದಪ್ಪಗಿದ್ದವನ ಹೊಟ್ಟೆಗೆ ಒತ್ತಿ ಮಾಡಿ ತೋರಿಸುತ್ತಿದ್ದೆ. "ಮೂರನೇ ಸಿಲಿಂಡರಾಗೆ ಮಂಡಕ್ಕಿ ಸಿಕ್ಕೈತೆ." ಒಂದು ದಿನ ಹೀಗೆ ಮಾಡುವಾಗ ಜನ ನಗುವುದು ನಿಂತಿತು. ತಿರುಗಿ ನೋಡಿದರೆ ಹಿಂದೆ ಅವರೇ. ಹೊಡೆಯುತ್ತಾರೆ ಅಂದುಕೊಂಡೆ.

"ದನಿ ಚೆನ್ನಾಗಿ ತೆಗೀತಿ. ಫೋನಾಗೂ ಬರ್ತೈತಾ?"

"ಬರ್ತೈತೆ ಚಾಚಾ."

"ಬಾ ಹಂಗಾರೆ."

ಫೋನಿನಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ದಾವಣಗೆರೆ, ಶಿವಮೊಗ್ಗ, ಹೊನ್ನಾಳಿಯ ಬಿಡಿಭಾಗದ ಅಂಗಡಿಯವರು ಅವರ ದನಿ ಕೇಳಿದರೆ ಮಾತ್ರ ಸಾಮಾನನ್ನು ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುವರು. ಬೇರೆ ಯಾರು ಮಾಡಿದರೂ "ಮಿಸ್ತ್ರಿ ಮಾತಾಡ್ಲಿ" ಎನ್ನುವರು. ಅವತ್ತಿನಿಂದ ಮಿಸ್ತ್ರಿ ನಾನೇ. ಅವರು ಎದುರು ಕೂತು ಬೇಕಾದ್ದನ್ನು ಹೇಳುವುದು, ನಾನು ಅವರ ಗಂಟಲಲ್ಲಿ ಕೇಳುವುದು, ಅತ್ತಲಿಂದ ಬಂದ ಉತ್ತರವನ್ನು ಅವರ ಕಿವಿಗೆ ಕೂಗುವುದು. ನನಗೆ 'ರೇಡಿಯೋ' ಎಂದು ಹೆಸರಿಟ್ಟರು. ಗಿರಾಕಿಗಳಿಗೆಲ್ಲ ಹಾಗೇ ಪರಿಚಯ ಮಾಡುತ್ತಿದ್ದರು: "ಇವನು ನಮ್ಮ ರೇಡಿಯೋ. ಸ್ವಂತ ಸುದ್ದಿ ಏನೂ ಇಲ್ಲ." ಯಾಕೆ ರೇಡಿಯೋ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಅವರ ನಾಲಿಗೆ ಅಂದರೆ ಹಾಗೆ. ನ್ಯಾಮತಿಯ ಒಂದು ಕಾರ್ಯಕ್ರಮದಲ್ಲಿ ಮಿಮಿಕ್ರಿ ಮಾಡಿ ನಾನು ಎರಡನೇ ಬಹುಮಾನ ತಂದಿದ್ದೆ. ಫಲಕವನ್ನು ಅವರ ಮುಂದೆ ಹಿಡಿದೆ. ತಿರುಗಿಸಿ ಮುರುಗಿಸಿ ನೋಡಿ, "ಇಬ್ಬರೇ ಇದ್ರಂತಲ್ಲ" ಎಂದು ವಾಪಸ್ ಕೊಟ್ಟರು. ಇಬ್ಬರೇ ಇದ್ದದ್ದು ಅವರಿಗೆ ಹೇಗೆ ಗೊತ್ತಾಯಿತೋ.

ಸ್ಕೂಟರಿನ ಒಬ್ಬ ಮೇಷ್ಟ್ರು, "ಕರೆಂಟೇ ಬರ್ತಿಲ್ಲ, ನೀವು ಸರಿಯಾಗಿ ನೋಡಿಲ್ಲ" ಎಂದು ಮೂರು ಸಲ ಅಂದರು. ಮಿಸ್ತ್ರಿ ಪ್ಲಗ್ಗಿನ ವೈರನ್ನು ಅವರ ಕೈಗೆ ಕೊಟ್ಟು, "ಬರ್ತಿಲ್ಲ ಅಂತ ನೀವೇ ಅಂದ್ರಲ್ಲ, ಹಂಗಾರೆ ಹಿಡಕಳ್ರಿ, ಏನೂ ಆಗಲ್ಲ" ಎಂದು ಕಿಕ್ ಹೊಡೆದರು. ಮೇಷ್ಟ್ರ ಕನ್ನಡಕ ರಸ್ತೆಯ ಆಚೆ ಬಿತ್ತು. "ಈಗ ಬರ್ತೈತೇನ್ರೀ?" ಆಮೇಲೆ ಆ ಮೇಷ್ಟ್ರು ಮಿಸ್ತ್ರಿಯ ಮಾತಿಗೆಲ್ಲ ಹೂಂ ಎನ್ನುತ್ತಿದ್ದರು.

ಮಿಸ್ತ್ರಿ ಯಾರ ಮದುವೆಗೂ ಹೋಗುತ್ತಿರಲಿಲ್ಲ. ಆದರೆ ಕರೆಯೋಲೆಗಳನ್ನೆಲ್ಲ ಜೋಪಾನ ಮಾಡುತ್ತಿದ್ದರು. ಹಳೇ ಗಾಡಿಗಳಲ್ಲಿ ಕಿಡಿ ಹುಟ್ಟಿಸುವ ಎರಡು ಪಾಯಿಂಟುಗಳಿರುತ್ತವೆ, ಅವುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಸಂದಿನ ಅಳತೆಗೆ ಮದುವೆ ಕಾರ್ಡಿನ ತುಂಡು. ನಮ್ಮ ಅಡಿಕೆ ಸಾವ್ಕಾರರು ಮಗಳ ಮದುವೆಗೆ ಜರಿ ಅಂಚಿನ ಕಾರ್ಡು ತಂದು ಕೊಟ್ಟಾಗ, ಅವರ ಮುಂದೆಯೇ ಕತ್ತರಿಯಿಂದ ಮೂಲೆ ಕತ್ತರಿಸಿ ಬೆರಳಲ್ಲಿ ಉಜ್ಜಿ ನೋಡಿ, "ದಪ್ಪ ಆತು ಸಾವ್ಕಾರ್ರೇ, ನಮ್ಮ ಕೆಲಸಕ್ಕೆ ಬಡವರ ಮದುವೇನೇ ಸರಿ" ಎಂದರು.

ಈ ಸಾವ್ಕಾರರದೇ ಗಾಡಿ. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ಅರವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹುಟ್ಟಿ, ಯಾವ ಪಾಪಕ್ಕೋ ಚನ್ನಗಿರಿಗೆ ಬಂದದ್ದು. ಓಟಕ್ಕೆಂದೇ ಮಾಡಿದ ಗಾಡಿ. ನಮ್ಮೂರಿನ ಹಂಪ್ ಒಂದೊಂದರ ಮೇಲೂ ಹೊಟ್ಟೆ ಸಿಕ್ಕಿಕೊಂಡು, ನಾಲ್ಕು ಜನ ಎತ್ತಿ ದಾಟಿಸಬೇಕು. ಸಾವ್ಕಾರರು ಇಳಿಯುತ್ತಿರಲಿಲ್ಲ. ಅವರ ಗಾತ್ರಕ್ಕೆ ಒಳಗೆ ಹೋಗುವುದೂ ಬರುವುದೂ ದಿನಕ್ಕೊಂದು ಸಲದ ಕೆಲಸ.

ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುವ ಚಟದಲ್ಲಿ ಸಾವ್ಕಾರರು ಒಂದು ದಿನ ಡಿಸ್ಟ್ರಿಬ್ಯೂಟರಿನ ಕ್ಯಾಪು ಬೀಳಿಸಿ ಒಡೆದರು. ಅದು ಅಂಗೈಯಷ್ಟು ಕಪ್ಪು ಮುಚ್ಚಳ. ಕಿಡಿಯನ್ನು ನಾಲ್ಕು ಸಿಲಿಂಡರಿಗೂ ಸರದಿಯಲ್ಲಿ ಹಂಚುವುದು ಅದರ ಕೆಲಸ. ಅದು ಸೀಳಿದರೆ ಗಾಡಿ ಬರೀ ಅಲಂಕಾರ. ಮಿಸ್ತ್ರಿ ಹೋಗಿ ನೋಡಿದ ದಿನವೇ ಹೇಳಿದರು: "ಪೆಟ್ರೋಲ್ ಅಂಬಾಸಿಡರಿಂದು ಕೂರ್ತೈತೆ. ಎರಡೂ ಒಂದೇ ವಂಶ."

ಸಾವ್ಕಾರರ ಮುಖ ಅವರ ಗಾಡಿಯ ಬಣ್ಣಕ್ಕೆ ತಿರುಗಿತು. "ಇದು ವಿಲಾಯತಿ ಗಾಡಿ ಕಣ್ರೀ. ಟ್ಯಾಕ್ಸಿದು ತಂದು ಹಾಕ್ತೀರಾ?"

"ಎಂಜಿನ್ನಿಗೆ ಜಾತಿ ಕೇಳಬಾರದು ಸಾವ್ಕಾರ್ರೇ. ಕೂತಿದ್ದೇ ಅಸಲಿ."

ಸಾವ್ಕಾರರು ಇಂಗ್ಲೆಂಡಿನಿಂದ ಎರಡು ಸಲ ತರಿಸಿದರು. ಒಂದು ಬೇರೆ ವರ್ಷದ ಮಾಡೆಲಿನದು, ಕ್ಲಿಪ್ಪು ಹಿಡಿಯಲಿಲ್ಲ. ಇನ್ನೊಂದು ಆರು ಸಿಲಿಂಡರಿನದು. ಎರಡನ್ನೂ ಗಾಜಿನ ಬೀರುವಿನಲ್ಲಿ ಇಟ್ಟರು. ಗಾಡಿ ಏಳು ತಿಂಗಳು ಅಡಿಕೆ ಗೋದಾಮಿನಲ್ಲಿ ನಿಂತಿತು.

ಆ ಹೊತ್ತಿಗೆ ಮಿಸ್ತ್ರಿಯ ಅಂಗಡಿಗೂ ಅದೇ ಗತಿ. ಎದುರಿಗೆ ಸ್ಕ್ಯಾನರ್ ಇಟ್ಟ ಗ್ಯಾರೇಜು ಬಂದಿತ್ತು. ಈಗಿನ ಗಾಡಿಗಳಲ್ಲಿ ಪಾಯಿಂಟೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಸ್ಕ್ರೂಡ್ರೈವರ್ ಕಚ್ಚಿ ಕೇಳುವಂಥದ್ದು ಇಡೀ ತಾಲ್ಲೂಕಿನಲ್ಲಿ ಉಳಿದದ್ದು ಆ ಕೆಂಪು ಗಾಡಿ ಒಂದೇ. ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೋದಾಮಿನ ಮುಂದೆ ಹಾಯುವಾಗೆಲ್ಲ ಅವರ ನಡಿಗೆ ನಿಧಾನವಾಗುತ್ತಿತ್ತು. ಅದನ್ನೂ ನಾನು ನಕಲು ಮಾಡಿ ತೋರಿಸಿದ್ದೇನೆ.

ಆ ಸೋಮವಾರ ಟೀ ಅಂಗಡಿಯಲ್ಲಿದ್ದಾಗ ನನ್ನ ಫೋನಿಗೆ ಸಾವ್ಕಾರರು ಕರೆ ಮಾಡಿದರು. ಅವರ ಲೆಕ್ಕದಲ್ಲಿ ಅದು ಮಿಸ್ತ್ರಿಯ ನಂಬರು. ಗೆಳೆಯರು ಸ್ಪೀಕರ್ ಹಾಕು ಎಂದು ಕೈಸನ್ನೆ ಮಾಡಿದರು. ಹಾಕಿದೆ.

"ಏನ್ರೀ ಮಿಸ್ತ್ರಿ, ಭಾನುವಾರ ಹಳೇ ಕಾರಿನ ಗೆಳೆಯರು ತಿಂಡಿಗೆ ಬರ್ತಾರೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ರಿ, ಬೇರೆಯವರನ್ನ ನೋಡ್ತೀನಿ. ವಯಸ್ಸಾತು, ತಪ್ಪೇನಿಲ್ಲ."

ಏಳು ಜನ ನನ್ನ ಬಾಯಿ ನೋಡುತ್ತಿದ್ದರು. ಗಂಟಲು ಕೆರೆದೆ, ಮೂಗಿನಲ್ಲಿ ಎರಡು ಸಲ ಗಾಳಿ ಬಿಟ್ಟೆ. "ಭಾನುವಾರ ಬೆಳಿಗ್ಗೆ ಗಾಡಿ ನಡೀತೈತೆ ಸಾವ್ಕಾರ್ರೇ. ಅದೂ ಅದರದೇ ಅಸಲಿ ಸಾಮಾನಾಗೆ. ನಡೀಲಿಲ್ಲ ಅಂದ್ರೆ ಅಂಗಡಿ ಬೋರ್ಡು ಇಳಿಸಿ ಮನ್ಯಾಗೆ ಕುಂತ್ಕತೀನಿ."

"ನೀವೇ ಅಂದಿದ್ದು, ನೆನಪಿರಲಿ" ಎಂದು ಸಾವ್ಕಾರರು ಫೋನಿಟ್ಟರು. ಸಂಜೆಯ ಹೊತ್ತಿಗೆ ಮಾತು ಊರು ಸುತ್ತಿ ಮಿಸ್ತ್ರಿಯ ಅಂಗಡಿಗೆ ಬಂತು. ನಾನು ಹೋಗಿ, ಅದು ನಾನು ಮಾಡಿದ ತಮಾಷೆ, ಈಗಲೇ ಹೋಗಿ ಸಾವ್ಕಾರರಿಗೆ ನಿಜ ಹೇಳುತ್ತೇನೆ ಎಂದೆ. ಅವರು ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ನಾಲ್ಕು ವರ್ಷ ಆ ದನೀಲೇ ಸಾಮಾನು ತರಿಸೀನಿ. ಅಂಗಡಿಯವರು ನನ್ನ ಮಾತು ಅಂತ ನಂಬಿ ಕಳಿಸ್ಯಾರೆ. ಈಗ ಇದೊಂದು ಮಾತು ಮಾತ್ರ ನಂದಲ್ಲ ಅಂದ್ರೆ, ಅವೆಲ್ಲ ಯಾರವು?"

ಕೈ ಒರೆಸಿದ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ನನ್ನ ಕಡೆ ತಿರುಗಿದರು.

"ಬೈಕಿಗೆ ಪೆಟ್ರೋಲ್ ಹಾಕ್ಸು. ನಾಳೆ ಹೊನ್ನಾಳಿ, ಅಂಬಾಸಿಡರ್ ಕ್ಯಾಪು ಹುಡುಕಾನ. ಕೂತಿದ್ದೇ ಅಸಲಿ."

ನಾಲ್ಕು ದಿನ ನನ್ನ ಬೈಕಿನ ಹಿಂದೆ ಅವರು, ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಒಡೆದ ಕ್ಯಾಪು. ಫೋನು ಮಾಡಿದ ಅಂಗಡಿಗಳಲ್ಲೆಲ್ಲ ಒಂದೇ ಉತ್ತರ: ಈಗ ಯಾರು ಕೇಳ್ತಾರೆ, ತರಿಸಾಕೆ ಹದಿನೈದು ದಿನ ಬೇಕು. ಹೊನ್ನಾಳಿಯ ಅಂಗಡಿಯಾತನನ್ನು ಎದುರಿಗೇ ಕಂಡು ಮಿಸ್ತ್ರಿ ತಾವೇ ಮಾತಾಡಿದರು. ಆತ ಅನುಮಾನದಿಂದ ನೋಡಿ, "ಯಾಕ್ರೀ ಚಾಚಾ, ದನಿ ಬಿದ್ದೋಗೈತೆ? ಫೋನಾಗೆ ಚೆನ್ನಾಗಿರ್ತೈತಲ್ಲ" ಎಂದ. ಮಿಸ್ತ್ರಿ ನನ್ನ ಕಡೆ ತಿರುಗಿ, "ನೀನೇ ಕೇಳಪ್ಪ, ನಾನು ನಕಲಿ ಅಂತೆ" ಎಂದರು. ಅಲ್ಲಿ ಸಿಕ್ಕಿದ್ದು ಹಳೇ ಜೀಪಿನ ಕ್ಯಾಪು. ಕೂರಲಿಲ್ಲ.

ಬುಧವಾರ ನ್ಯಾಮತಿ ದಾಟಿ ಸವಳಂಗ. ಅಲ್ಲೊಬ್ಬರ ಮನೆಯ ಮುಂದೆ ಬಿಳೀ ಅಂಬಾಸಿಡರ್, ತೊಳೆದು ಕುಂಕುಮ ಇಟ್ಟಿದ್ದರು. ನನಗೆ ಕುಣಿಯುವಷ್ಟು ಖುಷಿ. ಯಜಮಾನರು ಬಾನೆಟ್ ಎತ್ತುತ್ತ, "ಇಷ್ಟು ವರ್ಷದಾಗೆ ಒಂದ್ಸಲಾನೂ ಪ್ಲಗ್ ಬದಲಿಸಿಲ್ರೀ, ಅಂಥಾ ಗಾಡಿ" ಎಂದು ಹೆಮ್ಮೆಪಟ್ಟರು. ಮಿಸ್ತ್ರಿ ಬಗ್ಗಿ ನೋಡಿದರು. ಡೀಸೆಲ್. ಅದಕ್ಕೆ ಕಿಡಿಯೇ ಬೇಡ, ಪ್ಲಗ್ಗೂ ಇಲ್ಲ, ಕ್ಯಾಪೂ ಇಲ್ಲ.

"ಇಲ್ಲದ್ದನ್ನ ಹೆಂಗೆ ಬದಲಿಸ್ತೀರಿ ಯಜಮಾನ್ರೇ" ಎಂದು ಮಿಸ್ತ್ರಿ ಬಾನೆಟ್ ಮುಚ್ಚಿದರು. ಆ ಯಜಮಾನರು ಕೊಟ್ಟ ಮಜ್ಜಿಗೆ ನಾನು ಒಬ್ಬನೇ ಕುಡಿಯಬೇಕಾಯಿತು.

ಸಂತೇಬೆನ್ನೂರಿನ ಗುಜರಿಯಲ್ಲಿ ಒಂದು ಸಿಕ್ಕಿತು. ಎತ್ತಿದ ಕೂಡಲೇ ಎರಡು ಹೋಳಾಯಿತು. ಶುಕ್ರವಾರ ನಮಾಜಿಗೆ ಹೋಗಿ ಬಂದವರು, ಮಸೀದಿಯಲ್ಲಿ ಸಿಕ್ಕ ಲಾರಿ ಡ್ರೈವರ್ ಒಬ್ಬ ಜಗಳೂರಿನ ಆಚೆ ಪೆಟ್ರೋಲ್ ಅಂಬಾಸಿಡರ್ ನೋಡಿದ್ದಾನೆ ಎಂದರು. ಬೈಕಿಗೆ ದೂರ, ಶನಿವಾರ ಮೂರು ಬಸ್ ಬದಲಿಸಿ ಹೋದೆವು. ಮಧ್ಯಾಹ್ನದ ಬಿಸಿಲು, ಹೆಂಚಿನ ಮೇಲೆ ನಡೆದ ಹಾಗೆ. ಅವರು ಎರಡು ಕಡೆ ಕೂತರು. ಎರಡನೇ ಸಲ ಏಳುವಾಗ ನನ್ನ ಹೆಗಲು ಹಿಡಿದದ್ದು ನೆನಪಿದೆ. ಅದಕ್ಕೆ ಮುಂಚೆ ಅವರು ನನ್ನನ್ನು ಮುಟ್ಟಿದ್ದಿಲ್ಲ.

ಗಾಡಿ ಒಬ್ಬ ಕುರಿ ಸಾಕುವವನ ಹಟ್ಟಿಯಲ್ಲಿತ್ತು. ಚಕ್ರದ ಬದಲು ಕಲ್ಲು, ಹಿಂದಿನ ಸೀಟಿನಲ್ಲಿ ಆರು ಮರಿ. ಮಿಸ್ತ್ರಿ ಬಾನೆಟ್ ಎತ್ತಿ ಕ್ಯಾಪು ಬಿಚ್ಚಿ, ಬನಿಯನ್ನಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ, ಒಡೆದ ಕ್ಯಾಪಿನ ಪಕ್ಕ ಇಟ್ಟು ನೋಡಿದರು. ಅಣ್ಣತಮ್ಮಂದಿರಂತೆ ಇದ್ದವು.

"ನಮ್ಮಪ್ಪ ಟ್ಯಾಕ್ಸಿ ಹೊಡೀತಿದ್ದ ಗಾಡಿ" ಎಂದ ಆತ. "ತಗಳ್ರಿ ಸಾಬ್ರೇ. ಮರಿಗೇನು ಕಿಡಿ ಬೇಕಾ."

ಭಾನುವಾರ ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ಮಿಸ್ತ್ರಿ ಕ್ಯಾಪು ಹಾಕಿ, ವೈರು ಸಿಕ್ಕಿಸಿ, ಸ್ಕ್ರೂಡ್ರೈವರ್ ಕಚ್ಚಿಕೊಂಡು ನನಗೆ ಕಣ್ಣಲ್ಲೇ ಹೇಳಿದರು. ಕೀ ತಿರುಗಿಸಿದೆ. ಒಂದೇ ಸಲಕ್ಕೆ ಗಾಡಿ ಗುರ್ ಎಂದಿತು. ಕಚ್ಚಿದ ಹಲ್ಲಿನ ಸಂದಿಯಲ್ಲೇ ಅವರು ನಕ್ಕರು. ಜೊಲ್ಲು ಸುರಿಯಿತು, ಒರೆಸಿಕೊಳ್ಳಲಿಲ್ಲ. ಸಾವ್ಕಾರರು ಊರಿಗೆಲ್ಲ ಕೇಳುವಂತೆ ಹಾರನ್ ಹೊಡೆದರು. ಏನು ಹಾಕಿದ್ದೀರಿ ಎಂದು ಕೇಳಲಿಲ್ಲ.

ಕೇಳಿದ್ದು ಅತಿಥಿಗಳು. ಮೂರು ಹಳೇ ಕಾರುಗಳಲ್ಲಿ ಬಂದವರು ಬೆಣ್ಣೆದೋಸೆ ತಿಂದು ಬಾನೆಟ್ಟಿನ ಸುತ್ತ ನಿಂತರು. ಅವರಲ್ಲಿ ಒಬ್ಬರು ಕಪ್ಪು ಕನ್ನಡಕ ಮೇಲೆತ್ತಿ, "ಅಂಬಾಸಿಡರ್ ಕ್ಯಾಪ್ ಅಲ್ವಾ? ಒಳ್ಳೇದಾಯ್ತು ಬಿಡಿ, ನಾವೂ ಅದನ್ನೇ ಹಾಕೋದು" ಎಂದರು. ಹೊಗಳಿದ್ದು. ಆದರೆ ಬೇರೆ ಇಬ್ಬರು ನಕ್ಕರು, ಸಾವ್ಕಾರರಿಗೆ ನಗು ಮಾತ್ರ ಕೇಳಿಸಿತು.

ಅತಿಥಿಗಳ ಕಾರು ಗೇಟು ದಾಟಿದ ಮೇಲೆ ಸಾವ್ಕಾರರು ನಮ್ಮ ಕಡೆ ತಿರುಗಿದರು. "ಎಲ್ಲಿಂದ ತಂದ್ರಿ ಇದನ್ನ?"

ಮೆಲ್ಲಗೆ ಏನಾದರೂ ಹೇಳಿ ಮುಗಿಸಬಹುದಿತ್ತು. ಮಿಸ್ತ್ರಿಗೆ ಅದು ಗೊತ್ತೇ ಇರಲಿಲ್ಲ. "ಜಗಳೂರಿಂದ. ಗಾಡ್ಯಾಗೆ ಕುರಿಮರಿ ಕುಂತಿದ್ವು. ನಿಮಗಿಂತ ಆರಾಮಾಗಿ ಹತ್ತಿ ಇಳೀತಿದ್ವು."

"ಅಸಲಿ ಸಾಮಾನು ಹಾಕ್ತೀನಿ ಅಂದಿದ್ರಿ. ಫೋನಾಗೆ ನೀವೇ ಅಂದಿದ್ರಿ. ಹಿಂಗೆ ನಡೆದಿದ್ದು ನನ್ನ ಗಾಡಿ ಅಲ್ಲ, ಅಂಬಾಸಿಡರ್. ಬಿಚ್ಚ್ರಿ ಅದನ್ನ. ಕೊಟ್ಟ ಮಾತು ಏನಾತು?"

ನಾನು ಬಾಯಿ ತೆರೆದೆ. ಮಿಸ್ತ್ರಿ ನನ್ನ ಕಾಲಿನ ಮೇಲೆ ಕಾಲಿಟ್ಟು ಒತ್ತಿದರು. ಹಾಗೇ ಒತ್ತಿಕೊಂಡೇ, "ಅಂದಿದ್ದೆ" ಎಂದರು.

ಕ್ಯಾಪು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ನಡೆದರು. ಸಂಜೆ ಏಣಿ ಹಾಕಿ ಬೋರ್ಡು ತಾವೇ ಇಳಿಸಿದರು. ನಾನು ಏಣಿ ಹಿಡಿದಿದ್ದೆ. ಜನ ನಿಂತು ನೋಡಿದರು, ಎದುರಿನ ಗ್ಯಾರೇಜಿನವರು ಫೋಟೋ ತೆಗೆದರು. ಮರುದಿನ ಯಾರಿಗೂ ಹೇಳದೆ ಬಸ್ ಹತ್ತಿ ಹೋದರು, ನಾಲ್ಕು ದಿನ ಬರಲಿಲ್ಲ. ಬಂದ ಮೇಲೆ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಅಂಗಡಿಯ ಜಾಗಕ್ಕೆ ಮೊಬೈಲ್ ಕವರ್ ಮಾರುವವನು ಬಂದ. ನನ್ನ ವ್ಯಾಪಾರಕ್ಕೂ ಅವನು ಕಲ್ಲು ಹಾಕಿದ. ಅದು ನನಗೆ ತಕ್ಕದ್ದೇ.

ಸಾವ್ಕಾರರು ಮಾತ್ರ ಸುಮ್ಮನಿರಲಿಲ್ಲ. ಸಿಕ್ಕಿದವರಿಗೆಲ್ಲ, "ಮಾತು ಅಂದ್ರೆ ಮಾತು, ಬೋರ್ಡು ಇಳಿಸಿಸ್ದೆ" ಎಂದು ಹೇಳಿಕೊಂಡು ತಿರುಗಿದರು. ಆ ಮಾತು ಆಡಿದ ಬಾಯಿ ಯಾವುದೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಅವರು ಓದುವುದಿಲ್ಲ.

ಎರಡು ತಿಂಗಳಿಗೆ ಇಂಗ್ಲೆಂಡಿನಿಂದ ಮೂರನೇ ಪೊಟ್ಟಣ ಬಂತು. ಸ್ಕ್ಯಾನರ್ ಗ್ಯಾರೇಜಿನವರು ಅದನ್ನು ಬಲವಂತವಾಗಿ ಒತ್ತಿ ಕೂರಿಸಿದರು. ಗಾಡಿ ಗೋದಾಮಿನಿಂದ ಸಂತೆ ಮೈದಾನದವರೆಗೆ ನಡೆದು, ಟಪ್ ಎಂದು ಸದ್ದು ಮಾಡಿ ನಿಂತಿತು. ಒಳಗೆ ಎಲ್ಲ ಪುಡಿ. ಎತ್ತಿನ ಗಾಡಿಗೆ ಕಟ್ಟಿ ಎಳೆದು ತಂದರು. ಆ ಮೆರವಣಿಗೆಗೆ ನಾನು ಎಲ್ಲರ ದನಿಯಲ್ಲೂ ಜೈಕಾರ ಹಾಕಿದ್ದೇನೆ.

ಮಾರನೆಯ ಬೆಳಿಗ್ಗೆ ಸಾವ್ಕಾರರು ಮಿಸ್ತ್ರಿಯ ಮನೆಗೇ ಬಂದರು. ಅಷ್ಟರಲ್ಲಿ ಮಿಸ್ತ್ರಿಯ ಕಿವಿ ಪೂರ್ತಿ ಹೋಗಿತ್ತು, ಕೂಗಿ ಹೇಳಲು ದಾರಿಯಲ್ಲಿ ನನ್ನನ್ನೂ ಕರೆದುಕೊಂಡಿದ್ದರು. ಮಿಸ್ತ್ರಿ ಆಗಲೇ ಅರ್ಧ ಆಗಿದ್ದರು. ಕುರ್ಚಿಯಲ್ಲಿ ಅಂಗಿ ಕೂತ ಹಾಗೆ ಕಾಣುತ್ತಿದ್ದರು. ಅವರ ಹೆಂಡತಿ ಒಳಗಿನಿಂದ ಸ್ಟೂಲು ತಂದಿಟ್ಟರು. ಸಾವ್ಕಾರರು ಕೂರಲಿಲ್ಲ.

"ಆದದ್ದು ಆತು ಮಿಸ್ತ್ರಿ. ಆ ಜಗಳೂರಿನ ಕ್ಯಾಪು ಹಾಕಿಕೊಡ್ರಿ. ಅದೇ ಅಸಲಿ ಅಂತ ನಾಲ್ಕು ಜನರ ಮುಂದೆ ಹೇಳ್ತೀನಿ. ನಿಮ್ಮ ಅಂಗಡಿ ಜಾಗ ಬಿಡಿಸಿ, ಬೋರ್ಡು ನಾನೇ ನಿಂತು ಏರಿಸ್ತೀನಿ."

ನಾನು ಅದನ್ನು ಮಿಸ್ತ್ರಿಯ ಕಿವಿಗೆ ಕೂಗಿದೆ. ಬೋರ್ಡು ಎಂಬಲ್ಲಿ ಅವರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ಒಂದು ಹೆಜ್ಜೆ ಮುಂದೆ ಬಂದರು. ಒಂದು 'ಹೂಂ' ಸಾಕಿತ್ತು. ನನ್ನ ತಪ್ಪೂ ಅದರಲ್ಲೇ ತೊಳೆದುಹೋಗುತ್ತಿತ್ತು. ನಾನು ಅವರ ಮೊಣಕಾಲು ಹಿಡಿದು, "ಚಾಚಾ, ಹೂಂ ಅನ್ರೀ" ಎಂದೆ. ಅವರು ನನ್ನ ಕೈ ಸರಿಸಿ, ಸಾವ್ಕಾರರ ಮುಖವನ್ನೇ ನೋಡುತ್ತ, ಯಾವ ರೇಡಿಯೋದ ಸಹಾಯವೂ ಇಲ್ಲದೆ, ಬಿದ್ದುಹೋದ ತಮ್ಮದೇ ದನಿಯಲ್ಲಿ ಹೇಳಿದರು:

"ಅದನ್ನ ಮರುದಿನಾನೇ ಹೋಗಿ ಅದರ ಗಾಡಿಗೇ ಹಾಕಿ, ಚಕ್ರ ಕೂರಿಸಿ, ನಡೆಸಿ ಬಂದೀನ್ರೀ. ಕುರಿ ಹಾಕ್ಕೊಂಡು ವಾರಾವಾರ ಸಂತೆಗೆ ಹೋಗ್ತೈತೆ. ಓಡೋ ಗಾಡಿದು ಬಿಚ್ಚಿ ನಿಂತ ಗಾಡಿಗೆ ಹಾಕೋ ಮಿಸ್ತ್ರಿ ಬೇರೆ ಯಾರಾದ್ರೂ ಸಿಗ್ತಾರೇನೋ ನೋಡ್ರಿ."